ಮಾಯದ ಗಾಯ: ಚರ್ಮದೊಳಗಿನ ಪಾಚಿ ಸೋಂಕನ್ನು ಪತ್ತೆ ಹಚ್ಚುವುದು ಹೇಗೆ?

ತೊಂದರೆ ಹೀಗಿರುತ್ತದೆ

ಕೈಗೋ ಕಾಲಿಗೋ ಒಂದು ಸಣ್ಣ ಗಾಯ ಆಗಿರುತ್ತದೆ. ಮುಳ್ಳು ಚುಚ್ಚಿದ್ದು, ಕಲ್ಲಿಗೆ ತರಚಿದ್ದು, ಕೀಟ ಕಚ್ಚಿದ್ದು, ಇಲ್ಲವೇ ಚಿಕ್ಕದೊಂದು ಆಪರೇಷನ್ನಿನ ಹೊಲಿಗೆ. ಮೇಲ್ನೋಟಕ್ಕೆ ಗಾಯ ಮುಚ್ಚಿಕೊಳ್ಳುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಕೆಂಪು ಗುಳ್ಳೆ ಏಳುತ್ತದೆ. ಅಂಥ ನೋವಿಲ್ಲ, ಜ್ವರ ಇಲ್ಲ. ಆಂಟಿಬಯಾಟಿಕ್ ಮಾತ್ರೆ ಮುಗಿಯುತ್ತದೆ, ಗುಳ್ಳೆ ಹಾಗೇ ಇರುತ್ತದೆ. ಫಂಗಸ್ ಮುಲಾಮು ಹಚ್ಚಿದರೂ ಅಷ್ಟೇ. ಸ್ಟಿರಾಯ್ಡ್ ಮುಲಾಮು ಹಚ್ಚಿದಾಗ ಕೆಂಪು ಇಳಿದು ಆಸೆ ಹುಟ್ಟುತ್ತದೆ. ನಿಲ್ಲಿಸಿದ ಮೇಲೆ ನೋಡಿದರೆ ಮಚ್ಚೆ ಮೊದಲಿಗಿಂತ ಅಗಲವಾಗಿರುತ್ತದೆ. ಹೀಗೇ ತಿಂಗಳುಗಳು ಹೋಗುತ್ತವೆ. ಕೆಲವರಿಗೆ ವರ್ಷಗಳೇ ಹೋಗಿವೆ.

ಇಂಥ ಗಾಯಗಳಲ್ಲಿ ಬಹುಪಾಲಿಗೆ ಪಾಚಿ ಕಾರಣವಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಬ್ಯಾಕ್ಟೀರಿಯಾ, ಫಂಗಸ್, ಕ್ಷಯದ ಜಾತಿಯ ರೋಗಾಣುಗಳು, ಇಸುಬು, ಒಳಗೆ ಉಳಿದ ಮುಳ್ಳಿನ ತುಂಡು, ಅಪರೂಪಕ್ಕೆ ಚರ್ಮದ ಕ್ಯಾನ್ಸರ್. ಇವೆಲ್ಲ ಪಾಚಿಗಿಂತ ಎಷ್ಟೋ ಹೆಚ್ಚು ಸಾಮಾನ್ಯ. ಆದರೆ ಪ್ರೊಟೊಥೀಕಾ ಎಂಬ ಒಂದು ಪಾಚಿ ಮನುಷ್ಯರ ಚರ್ಮದಲ್ಲಿ ನೆಲೆಯೂರಿ ಹೀಗೇ ಕಾಡುತ್ತದೆ. ಜಗತ್ತಿನಲ್ಲಿ ಇದುವರೆಗೆ ವರದಿಯಾದದ್ದು ಕೆಲವು ನೂರು ರೋಗಿಗಳಷ್ಟೇ. ವರದಿಯಾಗದೆ ಉಳಿದವರು ಇದ್ದೇ ಇರುತ್ತಾರೆ, ಏಕೆಂದರೆ ಇದನ್ನು ಬೇರೆ ಏನೋ ಎಂದುಕೊಳ್ಳುವುದು ತುಂಬ ಸುಲಭ.

ಈ ಸೋಂಕನ್ನು ಹಿಡಿಯಲು ದೊಡ್ಡ ಯಂತ್ರ ಬೇಕಾಗಿಲ್ಲ. ಸಾಮಾನ್ಯ ಮೈಕ್ರೊಸ್ಕೋಪ್, ರೋಗಾಣುಗಳನ್ನು ಬೆಳೆಸಿ ನೋಡುವ ಸಾಮಾನ್ಯ ಕಲ್ಚರ್ ಪ್ಲೇಟ್ ಸಾಕು. ಕೊರತೆ ಇರುವುದು ಬೇರೆ ಕಡೆ. ಗಾಯ ಹೇಗಾಯಿತು ಎಂಬ ಮಾಹಿತಿ ರೋಗಿಯಿಂದ ವೈದ್ಯರಿಗೆ, ವೈದ್ಯರಿಂದ ಲ್ಯಾಬ್‌ಗೆ ತಲುಪುವುದಿಲ್ಲ. ಮಧ್ಯದಲ್ಲೆಲ್ಲೋ ಅದು ಉದುರಿಹೋಗುತ್ತದೆ. ಈ ಕೈಪಿಡಿ ಬರೆದಿರುವುದು ಆ ಮಾಹಿತಿ ಕೊನೆಯವರೆಗೂ ತಲುಪಲಿ ಎಂದೇ.

ಚರ್ಮದಲ್ಲಿ ಪಾಚಿ ಬದುಕುವುದು ಹೇಗೆ?

ಪಾಚಿ ಎಂದ ಕೂಡಲೇ ಹಸಿರು ನೆನಪಾಗುತ್ತದೆ, ಅಲ್ವಾ? ಪ್ರೊಟೊಥೀಕಾಗೆ ಹಸಿರಿಲ್ಲ. ಇದು ಕ್ಲೊರೆಲ್ಲಾ ಎಂಬ ಹಸಿರು ಪಾಚಿಯ ಹತ್ತಿರದ ಸಂಬಂಧಿ. ಬಹಳ ಹಿಂದೆ ಎಂದೋ ಬಿಸಿಲಿನಿಂದ ಆಹಾರ ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿತು. ಹರಿತ್ತು ಹೋಯಿತು. ಹರಿತ್ತು ಇರುತ್ತಿದ್ದ ಪುಟ್ಟ ಅಂಗ ಮಾತ್ರ ಬಣ್ಣ ಕಳೆದುಕೊಂಡು ಇನ್ನೂ ಜೀವಕೋಶದೊಳಗೆ ಉಳಿದಿದೆ. ಮಲೇರಿಯಾ ರೋಗಾಣುವಿನಲ್ಲೂ ಇಂಥದ್ದೇ ಒಂದು ಉಳಿಕೆ ಇದೆ. ನನಗೆ ಇದು ಜೀವವಿಜ್ಞಾನದ ಬಹಳ ಸೊಗಸಾದ ಸಂಗತಿಗಳಲ್ಲಿ ಒಂದು. ಬಿಸಿಲು ಬೇಕಿಲ್ಲದ ಪಾಚಿಗೆ ಕತ್ತಲೂ ಅಡ್ಡಿಯಲ್ಲ. ಕೊಳೆಯುವ ಯಾವುದೇ ವಸ್ತುವಿನಿಂದ ಅದು ಆಹಾರ ಹೀರಿಕೊಳ್ಳುತ್ತದೆ.

1894ರಲ್ಲಿ ವಿಲ್ಹೆಲ್ಮ್ ಕ್ರೂಗರ್ ಇದನ್ನು ಮೊದಲು ವಿವರಿಸಿದ್ದು ಮರಗಳ ತೊಗಟೆಯಿಂದ ಒಸರುವ ಲೋಳೆಯಲ್ಲಿ. ಆಮೇಲೆ ಕೆರೆ, ಹೊಳೆ, ಚರಂಡಿ ನೀರು, ಒದ್ದೆ ಮಣ್ಣು, ದನಕರುಗಳ ಸಗಣಿ, ಮೀನಿನ ತೊಟ್ಟಿ, ಎಲ್ಲ ಕಡೆ ಸಿಕ್ಕಿತು. ಮನುಷ್ಯರಲ್ಲಿ ಮೊದಲ ಸೋಂಕು ವರದಿಯಾದದ್ದು 1964ರಲ್ಲಿ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಒಬ್ಬ ಭತ್ತದ ರೈತನ ಪಾದದಲ್ಲಿ ಅದು ಕಂಡಿತ್ತು. ಇಡೀ ದಿನ ಕೆಸರಿನಲ್ಲಿ ನಿಲ್ಲುವ ಕಾಲು. ಈ ರೋಗದ ದಾರಿ ಯಾವುದು ಎಂಬುದು ಆ ಮೊದಲ ರೋಗಿಯಲ್ಲೇ ಸ್ಪಷ್ಟವಾಗಿತ್ತು.

ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ ಜಾತಿ ಪ್ರೊಟೊಥೀಕಾ ವಿಕರ್‌ಹ್ಯಾಮಿ. ಹಿಂದೆ ಪ್ರೊಟೊಥೀಕಾ ಝಾಪ್ಫಿ ಎಂದು ಕರೆಯುತ್ತಿದ್ದ ಇನ್ನೊಂದನ್ನು ಈಗ ಬೋವಿಸ್, ಸಿಫೆರ್ರಿ ಎಂಬ ಹೆಸರುಗಳಲ್ಲಿ ಬೇರೆ ಮಾಡಿದ್ದಾರೆ. ಹಸುಗಳಿಗೆ ಕೆಚ್ಚಲು ಬಾವು ತರುವುದು ಮುಖ್ಯವಾಗಿ ಬೋವಿಸ್. ಹಳೆಯ ರಿಪೋರ್ಟ್ ಓದುವಾಗ ಈ ಹೆಸರಿನ ಬದಲಾವಣೆ ನೆನಪಿರಲಿ.

ಪ್ರೊಟೊಥೀಕಾದ ಹೊರಗೋಡೆ ತುಂಬ ಗಟ್ಟಿ. ಹೂವಿನ ಪರಾಗದ ಹೊರಪದರದಲ್ಲಿರುವ ಸ್ಪೊರೊಪೊಲೆನಿನ್ ಎಂಬ ವಸ್ತು ಇದರಲ್ಲೂ ಇದೆ. ಬ್ಯಾಕ್ಟೀರಿಯಾದ ಗೋಡೆಯಲ್ಲಿರುವ ಮ್ಯುರಾಮಿಕ್ ಆಸಿಡ್ ಇಲ್ಲಿಲ್ಲ. ಹಾಗಾಗಿ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಪೆನಿಸಿಲಿನ್ ಜಾತಿಯ ಔಷಧಿಗೆ ಇಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ಸರಿಯಾದ ಚರ್ಮವನ್ನು ಇದು ತೂರಿಕೊಂಡು ಹೋಗಲಾರದು. ಒಡೆದ ಚರ್ಮ ಬೇಕು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮನೆಯವರು ದೂರ ಕೂರಬೇಕಾದ ಅಗತ್ಯವೇ ಇಲ್ಲ.

ಮೊದಲು ನೋಡಬೇಕಾದ್ದು: ಇದು ತುರ್ತೇ?

ನೀರಿನಲ್ಲಿ ಗಾಯವಾಗಿ ಒಂದೆರಡು ದಿನದೊಳಗೆ ಕೆಂಪು ವೇಗವಾಗಿ ಹರಡುತ್ತಿದ್ದರೆ, ನೋವು ಗಾಯದ ಗಾತ್ರಕ್ಕೆ ಮೀರಿ ಇದ್ದರೆ, ಜ್ವರ, ಚಳಿ, ನೀರು ತುಂಬಿದ ದೊಡ್ಡ ಬೊಬ್ಬೆ, ಚರ್ಮ ಕಪ್ಪಾಗುವುದು, ಗೊಂದಲದ ಮಾತು ಕಂಡರೆ ಈ ಕೈಪಿಡಿಯನ್ನು ಬದಿಗಿಟ್ಟು ಆಸ್ಪತ್ರೆಗೆ ಓಡಿ. ಅದು ಪಾಚಿಯ ನಡವಳಿಕೆ ಅಲ್ಲ. ಸಿಹಿನೀರಿನ ಏರೋಮೊನಾಸ್, ಬೆಚ್ಚಗಿನ ಸಮುದ್ರದ ನೀರಿನ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾಗಳು ಹೀಗೆ ಮಾಡುತ್ತವೆ. ಅಲ್ಲಿ ಗಂಟೆಗಳ ಲೆಕ್ಕ. ಲಿವರ್ ಕಾಯಿಲೆ ಇರುವವರಿಗೆ ವಿಬ್ರಿಯೊ ಜೀವಕ್ಕೇ ಅಪಾಯ.

ಪಾಚಿ ನಿಧಾನ. ಅದರ ಗುರುತೇ ನಿಧಾನ.

ಗಾಯದ ಕಥೆ ಕೇಳಿ

ರೋಗಿಗೆ ಗಾಯವಾದದ್ದು ನೆನಪಿಲ್ಲದಿರಬಹುದು. ತಿಂಗಳುಗಳ ಹಿಂದಿನ ತರಚು ಗಾಯವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? "ಗಾಯ ಆಗಿತ್ತಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ. "ಈ ಜಾಗದಲ್ಲಿ ಏನಾದರೂ ಚುಚ್ಚಿತ್ತಾ, ಕಚ್ಚಿತ್ತಾ, ಉಜ್ಜಿತ್ತಾ, ಸೂಜಿ ಹಾಕಿಸಿಕೊಂಡಿದ್ದಿರಾ?" ಎಂದು ಬಿಡಿಸಿ ಕೇಳಿದಾಗ ನೆನಪು ಬರುತ್ತದೆ. ಆಮೇಲೆ ನೀರು, ಮಣ್ಣಿನ ಬಗ್ಗೆ ಕೇಳಬೇಕು. ಕೆರೆ ಹೊಳೆಯಲ್ಲಿ ಇಳಿದದ್ದು, ಗದ್ದೆ ತೋಟದ ಕೆಲಸ, ಮೀನಿನ ತೊಟ್ಟಿ ತೊಳೆದದ್ದು, ಚರಂಡಿ ಸ್ವಚ್ಛ ಮಾಡಿದ್ದು, ಕೊಟ್ಟಿಗೆ ಕೆಲಸ. ಗಾಯದ ಮೇಲೆ ಕಟ್ಟಿದ ಬಟ್ಟೆ ಯಾವ ನೀರಿನಿಂದ ಒದ್ದೆಯಾಗಿತ್ತು ಎಂಬುದೂ ಮುಖ್ಯ.

ಇನ್ನೊಂದು ಪ್ರಶ್ನೆ ದೇಹದ ರಕ್ಷಣೆಯ ಬಗ್ಗೆ. ಸಕ್ಕರೆ ಕಾಯಿಲೆ ಇದೆಯೇ? ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ಕ್ಯಾನ್ಸರ್ ಚಿಕಿತ್ಸೆ, ಅಂಗ ಕಸಿ, ಎಚ್‌ಐವಿ? ಅದೇ ಜಾಗಕ್ಕೆ ಅಥವಾ ಹತ್ತಿರದ ಕೀಲಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಬಿದ್ದಿತ್ತೇ? ಇವುಗಳಲ್ಲಿ ಯಾವುದಾದರೂ ಇದ್ದರೆ ಅನುಮಾನ ಒಂದು ಮೆಟ್ಟಿಲು ಮೇಲೇರಬೇಕು. ಆದರೆ ಯಾವುದೂ ಇಲ್ಲ ಎಂದ ಮಾತ್ರಕ್ಕೆ ಪಾಚಿಯನ್ನು ಪಟ್ಟಿಯಿಂದ ತೆಗೆಯಬೇಡಿ. ಪೂರ್ತಿ ಆರೋಗ್ಯವಾಗಿದ್ದವರಿಗೂ ಗಾಯದ ಮೂಲಕ ಇದು ಬಂದಿದೆ.

ಕೊನೆಗೆ, ಇದುವರೆಗೆ ಏನೇನು ಹಚ್ಚಿದರು, ಏನೇನು ನುಂಗಿದರು ಎಂಬುದನ್ನು ಬರೆದುಕೊಳ್ಳಿ. ಯಾವುದಕ್ಕೆ ಸ್ವಲ್ಪವಾದರೂ ಜಗ್ಗಿತು, ಯಾವುದಕ್ಕೆ ಹೆಚ್ಚಾಯಿತು ಎಂಬುದು ಮುಂದೆ ದಾರಿ ತೋರಿಸುತ್ತದೆ. ರೋಗಿಗಳೇ ವಾರಕ್ಕೊಂದು ಫೋಟೊ ತೆಗೆದಿಟ್ಟುಕೊಂಡರೆ ಬಹಳ ಉಪಕಾರ. ಪಕ್ಕದಲ್ಲೊಂದು ಸ್ಕೇಲ್ ಇಟ್ಟರೆ ಇನ್ನೂ ಒಳ್ಳೆಯದು.

ಕಣ್ಣಿಗೆ ಕಾಣುವುದನ್ನು ಎಷ್ಟು ನಂಬಬೇಕು?

ಸ್ವಲ್ಪವೇ. ಪಾಚಿ ಸೋಂಕಿಗೆ ಅಂತ ಒಂದೇ ಮುಖ ಇಲ್ಲ. ಕೆಂಪು ಗುಳ್ಳೆ, ಗಂಟು, ದಪ್ಪನೆಯ ಮಚ್ಚೆ, ಕೀವು ತುಂಬಿದ ಬೊಕ್ಕೆ, ಹಕ್ಕಳೆ ಕಟ್ಟಿದ ಹುಣ್ಣು, ನೀರು ಗುಳ್ಳೆಗಳ ಗೊಂಚಲು, ಯಾವ ರೂಪದಲ್ಲೂ ಬರಬಹುದು. ಸಾಮಾನ್ಯವಾಗಿ ಮುಖ, ಕೈ, ಕಾಲು ಹೀಗೆ ಬಟ್ಟೆ ಮುಚ್ಚದ ಭಾಗದಲ್ಲಿ, ಒಂದೇ ಕಡೆ ಇರುತ್ತದೆ. ಅಂಚಿನಿಂದ ನಿಧಾನವಾಗಿ ಹರಡುತ್ತದೆ. ತಾನಾಗಿ ವಾಸಿಯಾಗುವುದಿಲ್ಲ ಎಂದೇ ತಿಳಿಯಬೇಕು.

ಹೀಗೆ ರೂಪ ಬದಲಿಸುವುದರಿಂದಲೇ ತಪ್ಪು ಹೆಸರುಗಳು ಅಂಟಿಕೊಳ್ಳುತ್ತವೆ. ಸಿಪ್ಪೆ ಏಳುತ್ತಿದ್ದರೆ ಇಸುಬು ಎನ್ನುತ್ತಾರೆ. ಅಂಚು ಉಬ್ಬಿದ್ದರೆ ಹುಳಕಡ್ಡಿ. ಗೊಂಚಲು ಗುಳ್ಳೆ ಇದ್ದರೆ ಸರ್ಪಸುತ್ತು. ಹುಣ್ಣಾದರೆ ಚರ್ಮದ ಕ್ಷಯ ಅಥವಾ ಲೀಷ್ಮೇನಿಯಾ. ಯಾವ ವೈದ್ಯರನ್ನೂ ಇದಕ್ಕಾಗಿ ದೂರುವಂತಿಲ್ಲ. ಆ ರೋಗಗಳೇ ಸಾಮಾನ್ಯ, ಮೊದಲು ಅವನ್ನೇ ನೆನೆಯಬೇಕು. ತೊಂದರೆ ಶುರುವಾಗುವುದು ಮೊದಲ ಚಿಕಿತ್ಸೆ ಫಲ ಕೊಡದಿದ್ದಾಗ ಎರಡನೆಯದು, ಮೂರನೆಯದು ಅಂತ ಮುಲಾಮು ಮಾತ್ರ ಬದಲಾಗುತ್ತಾ ಹೋದಾಗ.

ಹತ್ತಿರದ ಎರಡು ರೋಗಗಳನ್ನು ಬೇರೆಯಾಗಿ ನೆನಪಿಡಬೇಕು. ಮೈಕೊಬ್ಯಾಕ್ಟೀರಿಯಂ ಮರೈನಂ ಕ್ಷಯದ ಸಂಬಂಧಿ. ಮೀನಿನ ತೊಟ್ಟಿಯಲ್ಲಿ ಕೈ ಹಾಕಿದವರ ಬೆರಳಲ್ಲಿ ಎರಡರಿಂದ ನಾಲ್ಕು ವಾರದ ಮೇಲೆ ಗಂಟು ಮೂಡಿಸುತ್ತದೆ. ಕಥೆ ಪಾಚಿಯದ್ದೇ ತರಹ ಇರುತ್ತದೆ, ಆದರೆ ಇದು ಪಾಚಿಗಿಂತ ಹೆಚ್ಚು ಸಾಮಾನ್ಯ. ಇನ್ನೊಂದು ಸ್ಪೊರೊಟ್ರಿಕ್ಸ್ ಎಂಬ ಫಂಗಸ್. ಮುಳ್ಳು ಚುಚ್ಚಿದ ಜಾಗದಿಂದ ತೋಳಿನ ಉದ್ದಕ್ಕೂ ಸಾಲಾಗಿ ಗಂಟುಗಳು ಏಳುತ್ತವೆ. ಸಾಲುಗಂಟು ಕಂಡರೆ ಮೊದಲು ಇದನ್ನು ನೋಡಿ. ಮರೈನಂ ಕೂಡ ಕೆಲವೊಮ್ಮೆ ಹೀಗೆ ಸಾಲಾಗಿ ಹೋಗುತ್ತದೆ.

ಮೊಣಕೈ ಊತ: ಇದೊಂದು ಬೇರೆಯೇ ದಾರಿ

ಮೊಣಕೈ ತುದಿಯ ಮೂಳೆಯ ಮೇಲೆ ಒಂದು ಪುಟ್ಟ ದ್ರವದ ಚೀಲ ಇದೆ. ಬಿದ್ದಾಗ ಅಲ್ಲಿ ತರಚಿದರೆ, ಒಳಗೆ ಸೋಂಕು ಸೇರಿದರೆ, ಕೆಲವು ವಾರಗಳಲ್ಲಿ ಚೀಲ ನಿಧಾನವಾಗಿ ಊದುತ್ತದೆ. ಪ್ರೊಟೊಥೀಕಾಗೆ ಈ ಜಾಗ ಎಷ್ಟು ಹಿಡಿಸುತ್ತದೆಂದರೆ ಈ ರೋಗದ ಮೂರು ಮುಖ್ಯ ರೂಪಗಳಲ್ಲಿ ಇದೇ ಒಂದು. ಉಳಿದ ಎರಡು ಚರ್ಮದ್ದು ಮತ್ತು ದೇಹದೊಳಗೆ ಹರಡಿದ್ದು. ಚರ್ಮದ ರೂಪವೇ ಅರ್ಧಕ್ಕಿಂತ ಹೆಚ್ಚು.

ಇಲ್ಲಿ ಆಗುವ ಎಡವಟ್ಟು ಹೀಗೆ. ಊತವನ್ನು ಪೆಟ್ಟಿನ ಊತ ಎಂದುಕೊಂಡು ದ್ರವ ತೆಗೆದು ಸ್ಟಿರಾಯ್ಡ್ ಚುಚ್ಚುತ್ತಾರೆ. ಒಂದಷ್ಟು ದಿನ ಇಳಿದು ಮತ್ತೆ ತುಂಬುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಮೊಣಕೈ ಚೀಲದಿಂದ ತೆಗೆದ ದ್ರವವನ್ನು ಚೆಲ್ಲಬೇಡಿ. ಬ್ಯಾಕ್ಟೀರಿಯಾ ಕಲ್ಚರ್ ಜೊತೆಗೆ ಫಂಗಸ್ ಕಲ್ಚರ್‌ಗೂ ಕಳಿಸಿ. ಎರಡನೇ ಸಲ ತುಂಬಿದ ಚೀಲಕ್ಕೆ ಫಲಿತಾಂಶ ಬರುವವರೆಗೆ ಸ್ಟಿರಾಯ್ಡ್ ಬೇಡ.

ಚರ್ಮದ ಚೂರು ತೆಗೆಯುವುದು

ಇಡೀ ಕೆಲಸದ ತಿರುವು ಇಲ್ಲಿದೆ. ನಾಲ್ಕರಿಂದ ಆರು ವಾರ ಸರಿಯಾದ ಚಿಕಿತ್ಸೆಗೂ ಜಗ್ಗದ ಗಾಯಕ್ಕೆ ಬಯಾಪ್ಸಿ ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರೋಗಿಯ ರಕ್ಷಣಾ ಶಕ್ತಿ ಕಡಿಮೆ ಇದ್ದರೆ ಅಷ್ಟು ದಿನವೂ ಕಾಯಬಾರದು. ಹತ್ತಿಯ ಕಡ್ಡಿಯಿಂದ ಮೇಲ್ಮೈ ಒರೆಸಿ ಕಳಿಸಿದರೆ ಸಾಲದು. ಮೇಲ್ಮೈಯಲ್ಲಿ ಹತ್ತಾರು ಬ್ಯಾಕ್ಟೀರಿಯಾಗಳಿರುತ್ತವೆ, ಅವೇ ಬೆಳೆಯುತ್ತವೆ. ರಿಪೋರ್ಟಿನಲ್ಲಿ ಸ್ಟಫೈಲೊಕಾಕಸ್ ಬರುತ್ತದೆ, ಮತ್ತೊಂದು ಆಂಟಿಬಯಾಟಿಕ್ ಶುರುವಾಗುತ್ತದೆ. ಪಾಚಿ ಇರುವುದು ಚರ್ಮದ ಒಳಪದರದಲ್ಲಿ.

ಚೂರನ್ನು ಹುಣ್ಣಿನ ನಡುವಿನ ಸತ್ತ ಭಾಗದಿಂದ ತೆಗೆಯಬೇಡಿ. ಹರಡುತ್ತಿರುವ ಅಂಚಿನಿಂದ, ಆಳವಾಗಿ ತೆಗೆಯಿರಿ. ಎರಡು ಚೂರು ಬೇಕು. ಒಂದು ಫಾರ್ಮಲಿನ್ (ಚೂರು ಕೆಡದಂತೆ ಇಡುವ ದ್ರಾವಣ) ಬಾಟಲಿಗೆ ಹೋಗಿ ಪೆಥಾಲಜಿಗೆ ಸೇರುತ್ತದೆ. ಇನ್ನೊಂದು ಫಾರ್ಮಲಿನ್ ಇಲ್ಲದ ಸ್ಟೆರೈಲ್ ಬಾಟಲಿಯಲ್ಲಿ, ಒಣಗದ ಹಾಗೆ ಸ್ವಲ್ಪ ಸಲೈನ್ ಹಾಕಿ, ಮೈಕ್ರೊಬಯಾಲಜಿಗೆ. ಎರಡನ್ನೂ ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ಕಲ್ಚರ್ ಅಲ್ಲಿಗೆ ಮುಗಿಯಿತು. ಫಾರ್ಮಲಿನ್‌ನಲ್ಲಿ ಯಾವ ಜೀವಿಯೂ ಉಳಿಯುವುದಿಲ್ಲ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಇಲ್ಲಿ ತಪ್ಪಿದರೆ ಮತ್ತೊಮ್ಮೆ ರೋಗಿಯ ಚರ್ಮ ಕುಯ್ಯಬೇಕಾಗುತ್ತದೆ.

ಲ್ಯಾಬ್ ಫಾರ್ಮಿನಲ್ಲಿ "ಕಲ್ಚರ್ ಮಾಡಿ" ಎಂದಷ್ಟೇ ಬರೆದರೆ ಲ್ಯಾಬ್‌ನವರು ಸಾಮಾನ್ಯ ಬ್ಯಾಕ್ಟೀರಿಯಾ ಕಲ್ಚರ್ ಮಾಡಿ ಎರಡು ದಿನದಲ್ಲಿ ಪ್ಲೇಟ್ ಎಸೆಯುತ್ತಾರೆ. ಅದು ಅವರ ತಪ್ಪಲ್ಲ. ಹೀಗೆ ಬರೆಯಿರಿ:

"ಮೂರು ತಿಂಗಳಿಂದ ಮಾಯದ ಗಾಯ. ಕೆಸರು ನೀರಿನಲ್ಲಿ ತರಚಿದ ಹಿನ್ನೆಲೆ. ಬ್ಯಾಕ್ಟೀರಿಯಾ, ಫಂಗಸ್, ಮೈಕೊಬ್ಯಾಕ್ಟೀರಿಯಾ ಮೂರೂ ಕಲ್ಚರ್ ಬೇಕು. 30 ಡಿಗ್ರಿಯಲ್ಲೂ ಇಡಿ. ಪ್ರೊಟೊಥೀಕಾ ಅನುಮಾನವಿದೆ. ಯೀಸ್ಟ್ ತರಹ ಏನೇ ಬೆಳೆದರೂ ಎಸೆಯಬೇಡಿ."

ಈ ನಾಲ್ಕು ಸಾಲು ಬರೆಯಲು ಒಂದು ನಿಮಿಷ ಸಾಕು. ರೋಗಿಯ ಕೆಲವು ತಿಂಗಳು ಉಳಿಯಬಹುದು. ಯೀಸ್ಟ್ ಎಂದರೆ ಮೊಗ್ಗು ಬಿಟ್ಟು ಬೆಳೆಯುವ ಒಂಟಿಕೋಶದ ಫಂಗಸ್. 30 ಡಿಗ್ರಿ ಎಂದು ಬರೆಯುವುದು ಮುಖ್ಯವಾಗಿ ಮರೈನಂ ಸಲುವಾಗಿ. ಅದು 37 ಡಿಗ್ರಿಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ, ಮತ್ತು ಆರು ವಾರದವರೆಗೂ ಕಾಯಿಸಬಹುದು.

ಪೆಥಾಲಜಿ ರಿಪೋರ್ಟ್ "ಗ್ರ್ಯಾನ್ಯುಲೊಮಾ" ಎಂದಷ್ಟೇ ಹೇಳಿದರೆ

ಗ್ರ್ಯಾನ್ಯುಲೊಮಾ ಎಂದರೆ ದೇಹ ಏನನ್ನೋ ಸುತ್ತುವರಿದು ಕಟ್ಟಿಹಾಕಲು ನೋಡುತ್ತಿದೆ ಎಂದರ್ಥ. ಆ "ಏನೋ" ಯಾವುದು ಎಂಬ ಉತ್ತರ ಇನ್ನೂ ಬಂದಿಲ್ಲ. ಸಾಮಾನ್ಯ ಎಚ್ ಅಂಡ್ ಇ ಬಣ್ಣದಲ್ಲಿ ಪ್ರೊಟೊಥೀಕಾ ಮಸುಕಾಗಿ ಕಾಣುತ್ತದೆ, ಕೆಲವೊಮ್ಮೆ ಕಣ್ಣಿಗೇ ಬೀಳುವುದಿಲ್ಲ. ಪಿಎಎಸ್ ಮತ್ತು ಜಿಎಂಎಸ್ ಬಣ್ಣ ಹಾಕಿದರೆ ಎದ್ದು ಕಾಣುತ್ತದೆ. ರಿಪೋರ್ಟಿನಲ್ಲಿ ಈ ಎರಡು ಹೆಸರು ಇಲ್ಲದಿದ್ದರೆ ಪೆಥಾಲಜಿಸ್ಟ್‌ಗೆ ಫೋನ್ ಮಾಡಿ, ಚೂರನ್ನು ಕೂರಿಸಿಟ್ಟ ಅದೇ ಮೇಣದ ಬ್ಲಾಕ್‌ನಿಂದ ಹೊಸ ಸ್ಲೈಡ್ ಕತ್ತರಿಸಿ ಹಾಕಿಸಿ. ಮತ್ತೆ ಬಯಾಪ್ಸಿ ಬೇಡ. ಗ್ರ್ಯಾನ್ಯುಲೊಮಾ ಕಂಡ ಮಾತ್ರಕ್ಕೆ ಕ್ಷಯದ ಮಾತ್ರೆ ಶುರು ಮಾಡುವ ಮುಂಚೆ ಈ ಹೆಜ್ಜೆ ಆಗಿರಬೇಕು.

ಸ್ಲೈಡಿನಲ್ಲಿ ಹುಡುಕಬೇಕಾದ್ದು ದುಂಡನೆಯ ಜೀವಕೋಶಗಳು. ಗಾತ್ರ 3ರಿಂದ 30 ಮೈಕ್ರಾನ್ ತನಕ. ವಿಕರ್‌ಹ್ಯಾಮಿ ಚಿಕ್ಕದು, ಹಳೆಯ ಝಾಪ್ಫಿ ಗುಂಪಿನವು ದೊಡ್ಡವು. ಕೆಲವು ಕೋಶಗಳ ಒಳಗೆ ಗೋಡೆಗಳು ಎದ್ದು ಮರಿಕೋಶಗಳು ತುಂಬಿಕೊಂಡಿರುತ್ತವೆ. ವಿಕರ್‌ಹ್ಯಾಮಿಯಲ್ಲಿ ಇವು ನಡುವೆ ಒಂದು, ಸುತ್ತ ಹೂವಿನ ದಳಗಳ ಹಾಗೆ ಚೊಕ್ಕಟವಾಗಿ ಜೋಡಣೆಯಾಗಿರುತ್ತವೆ. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ಪ್ರತಿ ಕೋಶದಲ್ಲೂ ಈ ಚಿತ್ರ ಸಿಗದು. ಇಡೀ ಸ್ಲೈಡ್ ತಾಳ್ಮೆಯಿಂದ ಹುಡುಕಬೇಕು.

ಗೊಂದಲ ಮಾಡುವವರು ಇನ್ನೂ ಇದ್ದಾರೆ. ಕಾಕ್ಸಿಡಿಯಾಯ್ಡಿಸ್ ಫಂಗಸ್‌ನ ಚೀಲದಲ್ಲೂ ಮರಿಗಳಿರುತ್ತವೆ, ಆದರೆ ಚೀಲ ಇನ್ನೂ ದೊಡ್ಡದು, ಮರಿಗಳು ಬಹಳ. ರೈನೊಸ್ಪೊರಿಡಿಯಂನ ಚೀಲ ಅದಕ್ಕಿಂತಲೂ ಎಷ್ಟೋ ಪಾಲು ದೊಡ್ಡದು. ಕ್ರಿಪ್ಟೊಕಾಕಸ್‌ಗೆ ಸುತ್ತ ದಪ್ಪ ಲೋಳೆಯ ಕವಚ ಇದೆ, ಸಣ್ಣ ಕತ್ತಿನ ಮೊಗ್ಗು (ತಾಯಿಕೋಶದಿಂದ ಹೊರಗೆ ಉಬ್ಬುವ ಮರಿಕೋಶ) ಬಿಡುತ್ತದೆ. ಬ್ಲಾಸ್ಟೊಮೈಸಿಸ್ ಎಂಬ ಫಂಗಸ್ ಅಗಲ ಬುಡದ ಮೊಗ್ಗು ಬಿಡುತ್ತದೆ. ಕ್ರೊಮೊಬ್ಲಾಸ್ಟೊಮೈಕೊಸಿಸ್ ಎಂಬ ಫಂಗಸ್ ರೋಗದಲ್ಲಿ ಕೋಶಗಳೇ ಕಂದು ಬಣ್ಣ. ಪ್ರೊಟೊಥೀಕಾ ಮೊಗ್ಗು ಬಿಡುವುದೇ ಇಲ್ಲ. ಫಂಗಸ್‌ಗಿರುವಂಥ ನೂಲಿನಂಥ ಎಳೆಗಳೂ ಇಲ್ಲ. ಈ ಒಂದು ಮಾತು ನೆನಪಿದ್ದರೆ ಅರ್ಧ ಪಟ್ಟಿ ತಾನಾಗಿ ಕಳಚಿಕೊಳ್ಳುತ್ತದೆ.

ಕಲ್ಚರ್: "ಏನೂ ಬೆಳೆಯಲಿಲ್ಲ"

ಪ್ರೊಟೊಥೀಕಾ ಹಟಮಾರಿ ಜೀವಿಯಲ್ಲ. ಸಾಬುರೊ ಡೆಕ್ಸ್‌ಟ್ರೋಸ್ ಅಗರ್ (ಫಂಗಸ್ ಬೆಳೆಸಲು ಪ್ಲೇಟಿಗೆ ಹಾಕುವ ಆಹಾರ) ಮೇಲೆ 25ರಿಂದ 37 ಡಿಗ್ರಿಯೊಳಗೆ ಎರಡು ಮೂರು ದಿನಕ್ಕೆ ಬೆಳೆದು ನಿಲ್ಲುತ್ತದೆ. ರಕ್ತದ ಅಗರ್‌ನಲ್ಲೂ ಬರುತ್ತದೆ. ಹಾಗಿದ್ದರೂ ಬೆಳೆಯದಿದ್ದರೆ ಮೊದಲು ಪ್ಲೇಟಿನಲ್ಲಿ ಏನು ಸೇರಿಸಿದ್ದಾರೆ ಎಂದು ನೋಡಿ. ಚರ್ಮದ ಫಂಗಸ್‌ಗಾಗಿ ಇಟ್ಟಿರುವ ಹಲವು ಅಗರ್‌ಗಳಲ್ಲಿ ಸೈಕ್ಲೊಹೆಕ್ಸಿಮೈಡ್ ಇರುತ್ತದೆ. ಬೇಡದ ಬೂಷ್ಟು ಬೆಳೆಯದಿರಲಿ ಎಂದು ಅದನ್ನು ಹಾಕುವುದು. ಅದು ಪ್ರೊಟೊಥೀಕಾವನ್ನೂ ತಡೆಯುತ್ತದೆ. ಚರ್ಮದ ಸ್ಯಾಂಪಲ್ ಎಂದ ಕೂಡಲೇ ಲ್ಯಾಬ್‌ನವರು ಅದೇ ಪ್ಲೇಟ್ ತೆಗೆದುಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾಗಿ ಸೈಕ್ಲೊಹೆಕ್ಸಿಮೈಡ್ ಇಲ್ಲದ ಪ್ಲೇಟ್ ಒಂದಾದರೂ ಜೊತೆಗಿರಬೇಕು.

ಹಾಗೆಂದು ಆ ಪ್ಲೇಟೂ ಪೂರ್ತಿ ಭರವಸೆಯದ್ದಲ್ಲ. ಬ್ಯಾಕ್ಟೀರಿಯಾ, ಯೀಸ್ಟ್ ಮೇಲೆ ಬೆಳೆದು ಪಾಚಿಯನ್ನು ಮುಚ್ಚಿಬಿಡಬಹುದು. ಕೊಳಕು ಗಾಯದ ಸ್ಯಾಂಪಲ್‌ಗೆ ಆಂಟಿಬಯಾಟಿಕ್ ಸೇರಿಸಿದ ಅಗರ್ ಬೇಕು. ಯೀಸ್ಟ್ ಅನ್ನು ದೂರ ಇಡಲು ಫ್ಲೂಸೈಟೊಸಿನ್ ಹಾಕಿದ ವಿಶೇಷ ಅಗರ್ ಇದೆ, ಪ್ರೊಟೊಥೀಕಾ ಅದಕ್ಕೆ ಜಗ್ಗುವುದಿಲ್ಲ. ಎಲ್ಲ ಲ್ಯಾಬ್‌ಗಳಲ್ಲಿ ಇದು ಸಿಗುವುದಿಲ್ಲ. ದೊಡ್ಡ ಲ್ಯಾಬ್‌ಗೆ ಕಳಿಸಿ ಮಾಡಿಸಬೇಕಾಗಬಹುದು.

ಕಲ್ಚರ್: "ಯೀಸ್ಟ್ ಬೆಳೆದಿದೆ"

ಎಲ್ಲಕ್ಕಿಂತ ಅಪಾಯದ ರಿಪೋರ್ಟ್ ಇದು. "ಏನೂ ಬೆಳೆಯಲಿಲ್ಲ" ಎಂದಾಗ ಮತ್ತೆ ಹುಡುಕುತ್ತೇವೆ. "ಯೀಸ್ಟ್" ಎಂದಾಗ ಉತ್ತರ ಸಿಕ್ಕಿತು ಎಂದು ಹುಡುಕಾಟ ನಿಂತುಹೋಗುತ್ತದೆ.

ಪ್ಲೇಟಿನ ಮೇಲೆ ಪ್ರೊಟೊಥೀಕಾ ಕೆನೆಬಣ್ಣದ, ನಯವಾದ, ಮೆತ್ತನೆಯ ಕಾಲೊನಿಯಾಗಿ ಬೆಳೆಯುತ್ತದೆ. ಕ್ಯಾಂಡಿಡಾ ಎಂಬ ಸಾಮಾನ್ಯ ಯೀಸ್ಟ್ ಕೂಡ ಹಾಗೇ. ಬರಿಗಣ್ಣಿಗೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಗ್ರಾಂ ಬಣ್ಣದಲ್ಲೂ ದುಂಡನೆಯ ಕೋಶಗಳು ಯೀಸ್ಟ್ ತರಹವೇ ಕಾಣುತ್ತವೆ. ಕ್ಯಾಂಡಿಡಾ ಆಲ್ಬಿಕಾನ್ಸ್ ಹೌದೋ ಅಲ್ಲವೋ ನೋಡುವ ಜರ್ಮ್ ಟ್ಯೂಬ್ ಪರೀಕ್ಷೆ ಮಾಡಿದರೆ ನೆಗೆಟಿವ್ ಬರುತ್ತದೆ. ಆಗ ಹಲವು ಲ್ಯಾಬ್‌ಗಳು "ಆಲ್ಬಿಕಾನ್ಸ್ ಅಲ್ಲದ ಕ್ಯಾಂಡಿಡಾ" ಎಂದು ಬರೆದು ಕೈ ತೊಳೆದುಕೊಳ್ಳುತ್ತವೆ. ಗಾಯದಲ್ಲಿ ಕ್ಯಾಂಡಿಡಾ ಬರುವುದು ಹೊಸದೇನಲ್ಲ, ಹಾಗಾಗಿ ವೈದ್ಯರೂ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಬಿಡಿಸುವ ಉಪಾಯ ಸರಳ. ಕಾಲೊನಿಯಿಂದ ಒಂದು ಚುಕ್ಕಿ ತೆಗೆದು ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಎಂಬ ನೀಲಿ ಬಣ್ಣದ ಹನಿಯಲ್ಲಿ ಕದಡಿ, ಕವರ್ ಸ್ಲಿಪ್ ಇಟ್ಟು, 40ರ ಲೆನ್ಸಿನಲ್ಲಿ ನೋಡಿ. ಮೊಗ್ಗು ಬಿಡುತ್ತಿರುವ ಕೋಶ ಒಂದಾದರೂ ಇದೆಯೇ? ಯೀಸ್ಟ್ ಆದರೆ ಬೇಕಾದಷ್ಟು ಸಿಗುತ್ತವೆ. ಎಷ್ಟು ಹುಡುಕಿದರೂ ಮೊಗ್ಗು ಸಿಗದೆ, ಚಿಕ್ಕ ದೊಡ್ಡ ದುಂಡು ಕೋಶಗಳೇ ಇದ್ದು, ಕೆಲವದರ ಹೊಟ್ಟೆಯಲ್ಲಿ ಮರಿಗಳಿದ್ದರೆ, ಕೈಯಲ್ಲಿರುವುದು ಪ್ರೊಟೊಥೀಕಾ. ಒಡೆದ ಖಾಲಿ ಚೀಲಗಳೂ ಅಲ್ಲಲ್ಲಿ ಕಾಣಬಹುದು. ಇದಕ್ಕೆ ಐದು ನಿಮಿಷ ಬೇಕು. ಸಾಮಾನ್ಯವಲ್ಲದ ಜಾಗದಿಂದ ಬಂದ ಪ್ರತಿ "ಯೀಸ್ಟ್"ಗೂ ಈ ಹನಿ ಪರೀಕ್ಷೆ ಆಗಲೇಬೇಕು ಎಂದು ಲ್ಯಾಬ್‌ನ ಗೋಡೆಯ ಮೇಲೆ ಬರೆದು ಅಂಟಿಸಿದರೂ ತಪ್ಪಿಲ್ಲ.

ಜಾತಿ ಯಾವುದು ಎಂದು ತಿಳಿಯಲು ಮುಂದಿನ ಪರೀಕ್ಷೆಗಳಿವೆ. ಯೀಸ್ಟ್ ಗುರುತಿಸುವ ಎಪಿಐ ಪರೀಕ್ಷಾ ಸ್ಟ್ರಿಪ್, ವಿಟೆಕ್ 2 ಯಂತ್ರ ಎರಡರ ಜಾತಿಗಳ ಪಟ್ಟಿಯಲ್ಲೂ ವಿಕರ್‌ಹ್ಯಾಮಿ ಇದೆ. ಟ್ರೆಹಲೋಸ್ ಸಕ್ಕರೆಯನ್ನು ವಿಕರ್‌ಹ್ಯಾಮಿ ಬಳಸಿಕೊಳ್ಳುತ್ತದೆ, ಝಾಪ್ಫಿ ಗುಂಪು ಬಳಸಿಕೊಳ್ಳುವುದಿಲ್ಲ. ರೋಗಾಣುವಿನ ಪ್ರೋಟೀನುಗಳಿಂದ ಗುರುತು ಹಿಡಿಯುವ ಮಾಲ್ಡಿ-ಟಾಫ್ ಯಂತ್ರ ಬೇಗ ಹೇಳುತ್ತದೆ, ಆದರೆ ಅದರ ಸಂಗ್ರಹದಲ್ಲಿ ಆ ಜಾತಿಯ ಗುರುತು ಇರಬೇಕು. "ಗುರುತು ಸಿಗಲಿಲ್ಲ" ಎಂದು ಬಂದರೆ ಸ್ಯಾಂಪಲ್ ಎಸೆಯುವ ಬದಲು ಹನಿ ಪರೀಕ್ಷೆಗೆ ಹಿಂತಿರುಗಿ. ಖಚಿತ ಮಾಡುವುದು ಡಿಎನ್‌ಎ ಓದು. ಈಗ ಪ್ರೊಟೊಥೀಕಾ ಜಾತಿಗಳನ್ನು ಬೇರೆ ಮಾಡಲು ಸೈಟೊಕ್ರೋಮ್ ಬಿ ಜೀನ್ ಅನ್ನು ಹೆಚ್ಚಾಗಿ ಓದುತ್ತಾರೆ.

ಹಸಿರು ಕಂಡರೆ

ಗಾಯದ ಸ್ರಾವವೋ ಕಾಲೊನಿಯೋ ಹಸಿರಾಗಿದ್ದರೆ ಮೊದಲು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ನೆನೆಯಿರಿ. ಅದೇ ಸಾಮಾನ್ಯ, ಅದಕ್ಕೊಂದು ವಾಸನೆಯೂ ಇರುತ್ತದೆ. ಅದಲ್ಲ ಎಂದಾದರೆ ಹಸಿರು ಪಾಚಿಯ ಮಾತು ಬರುತ್ತದೆ. ಇದು ಪ್ರೊಟೊಥೀಕಾಗಿಂತಲೂ ಅಪರೂಪ. ಕ್ಲೊರೆಲ್ಲಾ ಸೋಂಕು ಮುಖ್ಯವಾಗಿ ಕುರಿ, ದನಗಳಲ್ಲಿ ಕಂಡದ್ದು. ಮನುಷ್ಯರ ಗಾಯದಲ್ಲಿ ಹಸಿರು ಪಾಚಿ ಸಿಕ್ಕ ವರದಿ 1983ರಲ್ಲಿ ಅಮೆರಿಕದಿಂದ ಬಂತು. ಡೆಸ್ಮೊಡೆಸ್ಮಸ್ ಎಂಬ ಇನ್ನೊಂದು ಹಸಿರು ಪಾಚಿ ಸಿಹಿನೀರಿನಲ್ಲಿ ಆದ ಗಾಯದಲ್ಲಿ ಸಿಕ್ಕಿದ್ದು 2015ರಲ್ಲಿ ವರದಿಯಾಯಿತು.

ಇಲ್ಲೊಂದು ಎಚ್ಚರ. ಫಾರ್ಮಲಿನ್‌ನಲ್ಲಿ ಹಸಿರು ಮಾಸುತ್ತದೆ. ಬಣ್ಣ ನೋಡಬೇಕಾದ್ದು ತಾಜಾ ಚೂರಿನಲ್ಲಿ, ಬಣ್ಣ ಹಾಕದ ಹನಿಯಲ್ಲಿ. ಸ್ಲೈಡ್ ಮಾತ್ರ ಉಳಿದಿದ್ದರೆ ಇನ್ನೊಂದು ದಾರಿ ಇದೆ. ಕ್ಲೊರೆಲ್ಲಾ ಕೋಶದೊಳಗೆ ಪಿಷ್ಟದ ಕಣಗಳಿರುತ್ತವೆ. ಪಿಎಎಸ್‌ನಲ್ಲಿ ಅವು ಗಾಢವಾಗಿ ಕಾಣುತ್ತವೆ, ಪಿಷ್ಟ ಕರಗಿಸುವ ಡಯಾಸ್ಟೇಸ್ ಹಾಕಿದರೆ ಮಾಯವಾಗುತ್ತವೆ.

ಹೆಸರು ಸಿಕ್ಕಿತು, ಮುಂದೇನು?

ಸೋಂಕು ಎಷ್ಟು ಆಳ, ಎಷ್ಟು ಅಗಲ ಎಂದು ಮೊದಲು ಅಳೆಯಬೇಕು. ರಕ್ಷಣಾ ಶಕ್ತಿ ಕಡಿಮೆ ಇರುವವರಲ್ಲಿ, ದೇಹದಲ್ಲಿ ಕ್ಯಾಥೆಟರ್ ಇರುವವರಲ್ಲಿ, ಜ್ವರ ಇರುವವರಲ್ಲಿ ರಕ್ತದ ಕಲ್ಚರ್ ಮಾಡಿಸಿ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಆ ದ್ರವದಲ್ಲೂ ಪ್ರೊಟೊಥೀಕಾ ಸಿಕ್ಕಿದೆ.

ಚಿಕ್ಕ, ಒಂದೇ ಕಡೆ ಇರುವ ಗಂಟಾದರೆ ಪೂರ್ತಿ ಕತ್ತರಿಸಿ ತೆಗೆಯುವುದೇ ಒಳ್ಳೆಯ ದಾರಿ. ಮೊಣಕೈ ಚೀಲದ್ದಾದರೆ ದ್ರವ ಹೀರಿದರೆ ಸಾಲದು, ಚೀಲವನ್ನೇ ತೆಗೆಯಬೇಕಾಗುತ್ತದೆ. ಔಷಧಿಗಳಲ್ಲಿ ಆಂಫೊಟೆರಿಸಿನ್ ಬಿ ಬಲವಾದದ್ದು. ಪ್ರೊಟೊಥೀಕಾದ ಪೊರೆಯಲ್ಲಿ ಫಂಗಸ್‌ನಲ್ಲಿರುವ ಎರ್ಗೊಸ್ಟೆರಾಲ್ ಇದೆ, ಔಷಧಿ ಹಿಡಿಯುವುದು ಅದನ್ನೇ. ಮೂತ್ರಪಿಂಡಕ್ಕೆ ಪೆಟ್ಟಾಗುವುದರಿಂದ ಅದನ್ನು ಹರಡಿದ ಅಥವಾ ಜೋರಾದ ಸೋಂಕಿಗೆ ಇಟ್ಟುಕೊಳ್ಳುತ್ತಾರೆ. ಚರ್ಮದ್ದಕ್ಕೆ ಇಟ್ರಕೊನಜೋಲ್, ಫ್ಲುಕೊನಜೋಲ್, ವೊರಿಕೊನಜೋಲ್ ಮಾತ್ರೆಗಳನ್ನು ವಾರಗಳಿಂದ ತಿಂಗಳುಗಳ ಕಾಲ ಕೊಡುತ್ತಾರೆ. ಇದನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಲಿವರ್ ಪರೀಕ್ಷೆ ಬೇಕು, ಬೇರೆ ಮಾತ್ರೆಗಳ ಜೊತೆ ಹೊಂದುತ್ತದೆಯೇ ನೋಡಬೇಕು. ಅಂಗಡಿಯಿಂದ ತಂದು ಸುಮ್ನೆ ನುಂಗುವ ಮಾತ್ರೆಗಳಲ್ಲ ಇವು.

ಕ್ಯಾಸ್ಪೊಫಂಜಿನ್ ಗುಂಪಿನ ಔಷಧಿ, ಫ್ಲೂಸೈಟೊಸಿನ್, ಗ್ರಿಸಿಯೊಫುಲ್ವಿನ್ ಇದರ ಮೇಲೆ ಕೆಲಸ ಮಾಡುವುದಿಲ್ಲ. "ಯೀಸ್ಟ್" ಎಂಬ ರಿಪೋರ್ಟ್ ಏಕೆ ಅಪಾಯ ಎಂಬುದು ಇಲ್ಲಿ ಕಾಣುತ್ತದೆ. ದೇಹದೊಳಗೆ ಹರಡಿದ ಕ್ಯಾಂಡಿಡಾಗೆ ಮೊದಲ ಆಯ್ಕೆಯಾದ ಕ್ಯಾಸ್ಪೊಫಂಜಿನ್ ಗುಂಪು ಇಲ್ಲಿ ದಂಡ.

ಸರಿಯಾದ ಔಷಧಿ ಕೊಟ್ಟರೂ ಜಗ್ಗದಿದ್ದರೆ

ಲ್ಯಾಬ್‌ನಲ್ಲಿ ಔಷಧಿಯ ಎದುರು ಪರೀಕ್ಷೆ ಮಾಡಿಸಬಹುದು. ಆದರೆ ಪ್ರೊಟೊಥೀಕಾಗೆ ಇಂತಿಷ್ಟು ಅಂಕಿ ಬಂದರೆ ಗುಣ, ಇಂತಿಷ್ಟು ಬಂದರೆ ಇಲ್ಲ ಎಂದು ಒಪ್ಪಿದ ಗೆರೆ ಇಲ್ಲ. ಪ್ಲೇಟಿನಲ್ಲಿ ಸೋತ ಔಷಧಿ ರೋಗಿಯಲ್ಲಿ ಗೆದ್ದದ್ದೂ ಇದೆ, ಗೆದ್ದದ್ದು ಸೋತದ್ದೂ ಇದೆ. ಹಾಗಾಗಿ ಅಂಕಿಗಿಂತ ಗಾಯದ ಅಂಚನ್ನು ನೋಡಿ. ಮಾತ್ರೆ ಊಟದ ಜೊತೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ. ಇಟ್ರಕೊನಜೋಲ್ ಕ್ಯಾಪ್ಸೂಲ್ ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಆಸಿಡಿಟಿ ಮಾತ್ರೆಯೂ ಅದಕ್ಕೆ ಅಡ್ಡ. ಸಕ್ಕರೆ ಹತೋಟಿಯಲ್ಲಿದೆಯೇ ನೋಡಿ. ಸ್ಟಿರಾಯ್ಡ್ ಪ್ರಮಾಣ ಇಳಿಸಲು ಸಾಧ್ಯವೇ ಎಂದು ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿ, ತಾವಾಗಿ ನಿಲ್ಲಿಸುವುದು ಬೇಡ. ಹಳೆಯ ಸ್ಟಿರಾಯ್ಡ್ ಮುಲಾಮು ಮನೆಯಲ್ಲಿ ಇನ್ನೂ ಯಾರಾದರೂ ಹಚ್ಚುತ್ತಿದ್ದಾರೆಯೇ ಎಂಬುದನ್ನೂ ವಿಚಾರಿಸಿ.

ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಕಲೆಯ ಅಂಚನ್ನು ಕೈಬೆರಳಿನಿಂದ ಮುಟ್ಟಿ ನೋಡುತ್ತಿರಬೇಕು. ಹೊಸ ಗುಳ್ಳೆ ಎದ್ದರೆ ಅದೇ ಮಾತ್ರೆ ಮತ್ತೆ ಶುರು ಮಾಡುವ ಮೊದಲು ಹೊಸ ಚೂರು ತೆಗೆದು ಕಳಿಸಿ. ಮೊದಲ ಸಲ ಬೆಳೆದದ್ದನ್ನು ಫ್ರೀಜರ್‌ನಲ್ಲಿ ಇಟ್ಟಿರಿ ಎಂದು ಲ್ಯಾಬ್‌ಗೆ ಆಗಲೇ ಹೇಳಿದ್ದರೆ, ಇದು ಹಳೆಯದೇ ಮರಳಿದ್ದೋ ಹೊಸ ಸೋಂಕೋ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.